ಕೆಂಪು ಗೆರೆಯ ಆಚೆಯ ಸದ್ದು

ಆ ಗುಂಡಿಯನ್ನು ಕೆಂಪು ಗೆರೆಯ ಆಚೆಗೆ ತಿರುಗಿಸಿದ್ದು ನನ್ನ ಕೈಯೋ ಹುಸೇನಸಾಬರ ಕೈಯೋ, ಇವತ್ತಿಗೂ ಖಚಿತವಾಗಿ ಹೇಳಲಾರೆ. ನನ್ನದೇ ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಹೇಳಿದ ಪ್ರತಿ ಸಲವೂ ಆ ಕೈ ಇನ್ನಷ್ಟು ಧೀರವಾಗುತ್ತ ಹೋಯಿತು. ಇತಿಹಾಸ ಓದಿದವನಿಗೆ ಸಂಶಯ ಹುಟ್ಟಲು ಇಷ್ಟು ಸಾಕು. ಶಾಸನ ಬರೆಸಿದವನು ತನ್ನನ್ನೇ ಹೊಗಳಿಕೊಂಡಿದ್ದರೆ ಆ ಸಾಲನ್ನು ಎರಡು ಸಲ ಓದಬೇಕೆಂದು ಧಾರವಾಡದ ವಿಶ್ವವಿದ್ಯಾಲಯದಲ್ಲಿ ನನಗೆ ಕಲಿಸಿದ್ದರು. ನನ್ನ ನೆನಪೂ ನಾನೇ ಬರೆಸಿಕೊಂಡ ಶಾಸನವಲ್ಲದೆ ಇನ್ನೇನು?

ಗುಂಡಿಯ ಬಗ್ಗೆ ಮಾತ್ರ ಅನುಮಾನವಿಲ್ಲ. ಅಡಕೆಗಿಂತ ತುಸು ದೊಡ್ಡದಾದ, ಬೆರಳ ಸವೆತಕ್ಕೆ ಹೊಳಪು ಬಂದ ಕರಿಯ ಗುಂಡಿ. ಅದರ ಸುತ್ತ ತಗಡಿನ ಮೇಲೆ ಒಂದರಿಂದ ಹತ್ತರವರೆಗೆ ಅಂಕಿಗಳು, ಐದರ ಹತ್ತಿರ ಹೆಂಗಸರು ಉಗುರಿಗೆ ಹಚ್ಚುವ ಬಣ್ಣದಿಂದ ಎಳೆದ ಒಂದು ಕೆಂಪು ಗೆರೆ. ಗಂಗಾವತಿಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ ಹುಸೇನಸಾಬರು ಸದ್ದು ಹಿಗ್ಗಿಸುವ ತಮ್ಮ ವಾಲ್ವ್ ಆಂಪ್ಲಿಫೈಯರಿಗೆ ಹಾಕಿದ್ದ ಲಕ್ಷ್ಮಣರೇಖೆ ಅದು. ಮದುವೆ ಇರಲಿ, ಉರುಸು ಇರಲಿ, ಪುರಾಣ ಪ್ರವಚನವಿರಲಿ, ಗುಂಡಿ ಆ ಗೆರೆಯನ್ನು ಮುಟ್ಟಬಹುದಿತ್ತು, ದಾಟುವಂತಿರಲಿಲ್ಲ.

ಆ ದಿನಗಳಲ್ಲಿ ನಾನು ಕುಷ್ಟಗಿಯ ಕಾಲೇಜೊಂದರಲ್ಲಿ ತಾತ್ಕಾಲಿಕ ಉಪನ್ಯಾಸಕ. ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ತಾನೇ ಜಿಲ್ಲೆಯಾದ ಕಾಲ. ಊರಿನ ಪ್ರತಿ ಬೋರ್ಡಿಗೂ ಹೊಸ ಬಣ್ಣ ಬಳಿಯುತ್ತಿದ್ದರು, ಎಲ್ಲರಿಗೂ ಏನೋ ಹೊಸದೊಂದು ಆಗಬೇಕೆಂಬ ಹುರುಪು. ನನ್ನ ಹುರುಪಿಗೆ ಆರು ತಂತಿಗಳಿದ್ದವು. ಹಾಸ್ಟೆಲಿನ ಹಿರಿಯ ಗೆಳೆಯನೊಬ್ಬ ಬಿಟ್ಟುಹೋದ ವಿದ್ಯುತ್ ಗಿಟಾರು, ಅದರ ಜೊತೆಗೆ ಅವನೇ ಕೊಟ್ಟ, ನಕಲಿನ ನಕಲಾಗಿ ಸವೆದ ಒಂದು ಕ್ಯಾಸೆಟ್ಟು. ಎಪ್ಪತ್ತರ ದಶಕದ ಬ್ರಿಟಿಷ್ ರಾಕ್ ಸಂಗೀತ ಅದರಲ್ಲಿತ್ತು. ಹಾಡಿನ ಮಾತು ಅರ್ಧ ತಿಳಿಯುತ್ತಿರಲಿಲ್ಲ. ಆದರೆ ಆ ಗಿಟಾರಿನ ಸದ್ದು! ಕೆಳಗೆ ಹೋರಿಯ ಗುಟುರು, ನಡುವೆ ಕೂಗಿ ಕೂಗಿ ಒರಟಾದ ಗಂಟಲು, ಮೇಲೆ ಕೆಂಪಗೆ ಕಾದ ತಂತಿಯ ಅಂಚು. ಮೂರೂ ಒಂದೇ ಉಸಿರಿನಲ್ಲಿ. ಆ ಸದ್ದು ಗಿಟಾರಿನಲ್ಲಿಲ್ಲ, ಅದನ್ನು ದೊಡ್ಡದು ಮಾಡುವ ಪೆಟ್ಟಿಗೆಯಲ್ಲಿದೆ ಎಂದು ತಿಳಿಯಲು ನನಗೆ ಒಂದು ವರ್ಷ ಮತ್ತು ಒಂದು ಅವಮಾನ ಬೇಕಾಯಿತು.

ಅವಮಾನ ನಡೆದದ್ದು ಕಾಲೇಜಿನ ಗ್ಯಾದರಿಂಗಿನಲ್ಲಿ. ವರ್ಷದ ಕೊನೆಯ ಆ ಸಮಾರಂಭದಲ್ಲಿ ಗಿಟಾರನ್ನು ನೇರ ಕಾಲೇಜಿನ ಮೈಕ್ ಸೆಟ್ಟಿಗೆ ಸಿಕ್ಕಿಸಿ ಬಾರಿಸಿದೆ. ತಗಡಿನ ಕಹಳೆಯಂಥ ಧ್ವನಿವರ್ಧಕದಿಂದ ಹೊರಬಂದದ್ದು ಕಿವಿಯ ಹತ್ತಿರ ಸುಳಿಯುವ ಸೊಳ್ಳೆಯ ದನಿ. ಹುಡುಗರು ಚಪ್ಪಾಳೆ ತಟ್ಟಿದರು, ಸೊಳ್ಳೆ ಹೊಡೆಯುವ ಹಾಗೆ, ಗಾಳಿಯಲ್ಲಿ. ಮರುದಿನದಿಂದ ನಾನು ಸೊಳ್ಳಿ ಮಾಸ್ತರ. ಮಧ್ಯಕಾಲೀನ ಭಾರತ ಕಲಿಸುತ್ತಿದ್ದಾಗಲೂ ಹಿಂದಿನ ಬೆಂಚಿನಿಂದ ಒಂದು ಸಣ್ಣ ಗುಂಯ್‌ಗುಟ್ಟುವಿಕೆ ಏಳುತ್ತಿತ್ತು.

ಆದ್ದರಿಂದ ಮುಂದಿನ ಗ್ಯಾದರಿಂಗಿನೊಳಗೆ ಸರಿಯಾದ ಆಂಪ್ಲಿಫೈಯರ್ ಆರಿಸಲೇಬೇಕಿತ್ತು. ಆರಿಸುವುದೆಂದರೇನು ಎಂದು ನೀವು ಕೇಳಬಹುದು, ಗೆಳೆಯರೆ. ಬಟ್ಟೆಯನ್ನು ಬಣ್ಣ ನೋಡಿ ಆರಿಸುತ್ತೇವೆ, ಮಾವನ್ನು ಮೂಸಿ. ಸದ್ದನ್ನು ಆರಿಸಲು ಅದು ಮೊದಲೇ ನಮ್ಮೊಳಗೆ ಇರಬೇಕು. ಹೊರಗಿನದನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ನನ್ನೊಳಗೆ ಇದ್ದದ್ದು ಸವೆದ ಕ್ಯಾಸೆಟ್ಟಿನ ನೆನಪು. ಅದನ್ನೇ ಅಳತೆಗೋಲು ಮಾಡಿಕೊಂಡು ಊರೂರು ಅಲೆದೆ.

ಮೊದಲು ಕೊಪ್ಪಳದ ಆರ್ಕೆಸ್ಟ್ರಾದವರ ಪೆಟ್ಟಿಗೆ. ಕೀಬೋರ್ಡಿಗೆಂದು ಅವರು ಇಟ್ಟುಕೊಂಡದ್ದು. ಸಜ್ಜನ ಯಂತ್ರ, ಏನು ಕೊಟ್ಟರೂ ಅದನ್ನೇ ದೊಡ್ಡದಾಗಿ ಹೇಳುತ್ತಿತ್ತು. ಸೊಳ್ಳೆಯನ್ನು ಕೊಟ್ಟರೆ ಆನೆಯಷ್ಟು ದೊಡ್ಡ ಸೊಳ್ಳೆ. ಇನ್ನೂ ಒತ್ತಾಯ ಮಾಡಿದರೆ ಥಟ್ಟನೆ ಹೊಸ ಧೋತರ ಹರಿದಂತೆ ಪರ್ರನೆ ಹರಿಯುತ್ತಿತ್ತು. ಆಮೇಲೆ ಹುಬ್ಬಳ್ಳಿಯ ಅಂಗಡಿಯಲ್ಲಿ ಆಗತಾನೇ ಬಂದಿದ್ದ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್. ಅದಕ್ಕೊಂದು ಬಟನ್ನು, ಒತ್ತಿದರೆ ಸದ್ದು ತಾನಾಗಿಯೇ ಒರಟಾಗುತ್ತದೆ ಎಂದರು. ಒತ್ತಿದೆ. ತಗಡಿನ ಡಬ್ಬಿಯೊಳಗೆ ಹೆಜ್ಜೇನು ಎದ್ದಂತಾಯಿತು. ಅದಕ್ಕಿಂತ ಬೇಸರದ ಸಂಗತಿಯೆಂದರೆ, ತಂತಿಯನ್ನು ಸವರಿದರೂ ಅಷ್ಟೇ ಸಿಟ್ಟು, ಬಡಿದರೂ ಅಷ್ಟೇ ಸಿಟ್ಟು. ಕ್ಯಾಸೆಟ್ಟಿನ ಸದ್ದು ಹಾಗಿರಲಿಲ್ಲ. ಮೆಲ್ಲಗೆ ಮುಟ್ಟಿದರೆ ಗೊಣಗುತ್ತಿತ್ತು, ಕೆಣಕಿದರೆ ಮಾತ್ರ ಗರ್ಜಿಸುತ್ತಿತ್ತು. ಸಿಟ್ಟಿಗೂ ಮೆಟ್ಟಿಲುಗಳಿವೆ ಎಂದು ಆ ಹೊಸ ಯಂತ್ರಕ್ಕೆ ಯಾರೂ ಕಲಿಸಿರಲಿಲ್ಲ.

ಗಂಗಾವತಿಗೆ ಹೋದದ್ದು ಗಿಟಾರಿನ ವೈರು ಬೆಸುಗೆ ಹಾಕಿಸಲು. ಹುಸೇನಸಾಬರ ಅಂಗಡಿಯಲ್ಲಿ ಒಂದು ದೊಡ್ಡ ಮರದ ಪೆಟ್ಟಿಗೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ ಮೂಲೆಯಲ್ಲಿ ಆ ಹಳೆಯ ಆಂಪ್ಲಿಫೈಯರ್ ಕಂಡಿತು. ಅದರ ಬೆನ್ನಿನ ಜಾಲರಿಯ ಹಿಂದೆ ಗಾಜಿನ ನಾಲ್ಕು ವಾಲ್ವುಗಳು, ಒಳಗೆ ಹಣತೆಯ ಕುಡಿಯಂಥ ಬೆಳಕು. ಗಾಜಿನ ಮೇಲಿನ ಅಕ್ಷರ ಓದಿ ಚಹಾ ನೆತ್ತಿಗೇರಿತು. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಯೊಂದನ್ನು ಓದಿದ್ದೆ. ಕ್ಯಾಸೆಟ್ಟಿನ ಸದ್ದು ಹೊರಡಿಸಿದ ಬ್ರಿಟನ್ನಿನ ಹೆಸರಾಂತ ಪೆಟ್ಟಿಗೆಗಳ ಹೊಟ್ಟೆಯಲ್ಲಿದ್ದದ್ದೂ ಇದೇ ಜಾತಿಯ ವಾಲ್ವು.

"ಸಾಬ್ರ, ಇದಕ್ಕ ಹಾರ್ನ್ ಬ್ಯಾಡ, ಡಬ್ಬಿ ಸ್ಪೀಕರ್ ಬೇಕಲ್ರಿ. ನಿಮ್ಮತ್ರ ಐತೇನು?"

"ಅದರ ಮ್ಯಾಲ ಕುಂತೀರಲ್ರಿ ಮಾಸ್ತರ" ಎಂದರು ಅವರು.

ಯಲಬುರ್ಗಾದಲ್ಲಿ ಮುಚ್ಚಿಹೋದ ಟೂರಿಂಗ್ ಟಾಕೀಸಿನ ಪರದೆಯ ಹಿಂದೆ ಇದ್ದ ಸ್ಪೀಕರ್ ಪೆಟ್ಟಿಗೆ ಅದು. ಎಷ್ಟೋ ಖಳನಾಯಕರ ನಗೆಯನ್ನು ಹೊರಗೆ ಹಾಕಿ ದಣಿದು, ಈಗ ಗಿರಾಕಿಗಳಿಗೆ ಕೂರಲು ಜಾಗ ಕೊಟ್ಟಿತ್ತು. ಹುಬ್ಬಳ್ಳಿಯವರೆಗೆ ಹುಡುಕಿದ್ದರ ಮೇಲೆ ನಾನು ಚಹಾ ಕುಡಿಯುತ್ತ ಕೂತಿದ್ದೆ.

ಆದರೆ ಹುಸೇನಸಾಬರ ಹತ್ತಿರ ಆ ಸದ್ದನ್ನು ಕೇಳುವುದೆಂದರೆ ಅಗಸರ ಮನೆಗೆ ಹೋಗಿ ಕೊಳೆ ಕೊಡಿ ಎಂದಂತೆ. ಅವರ ಕಸುಬೇ ಸದ್ದು ಒಡೆಯದಂತೆ ನೋಡಿಕೊಳ್ಳುವುದು. ಸೆಟ್ಟು ಕೊಟ್ಟು ಮನೆಗೆ ಹೋಗುವವರಲ್ಲ ಅವರು. ಕಾರ್ಯ ಮುಗಿಯುವ ತನಕ ಆಂಪ್ಲಿಫೈಯರಿನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು, ಕಣ್ಣು ಮುಚ್ಚಿ, ಗುಂಡಿಯ ಮೇಲೆ ಎರಡು ಬೆರಳಿಟ್ಟು ಕೂರುತ್ತಿದ್ದರು. ಆನೆಗೊಂದಿಯಿಂದ ಅಳವಂಡಿಯವರೆಗೆ ಜನ 'ಸಾಬರ ಸೆಟ್ಟು' ಎಂದರೆ ಸ್ವಚ್ಛ ಮಾತು ಎಂದೇ ತಿಳಿಯುತ್ತಿದ್ದರು. ನಾನು ನನ್ನ ಬಯಕೆಯನ್ನು ಬಿಡಿಸಿ ಹೇಳಿದಾಗ ಅವರು ನನ್ನನ್ನು ಕನಿಕರದಿಂದ ನೋಡಿದರು.

"ಅಂದ್ರ, ಸೌಂಡ್ ಒಡೀಬೇಕು ಅಂತೀರಿ."

"ಹೌದ್ರಿ. ಆದ್ರ ಛಂದಾಗಿ ಒಡೀಬೇಕು."

"ಮೂವತ್ತು ವರ್ಷ ಆತ್ರಿ ಮಾಸ್ತರ, ನನ್ನ ಸೆಟ್ ಒಮ್ಮಿನೂ ಒಡದಿಲ್ಲ. ಅಷ್ಟ್ ಮಂದಿ ಮುಂದ ಒಡೀತು ಅಂದ್ರ, ನೀವು ಛಂದಾಗಿ ಒಡಸೀರಿ ಅಂತ ಯಾರೂ ಅನ್ನಂಗಿಲ್ಲ. ಸಾಬನ ಸೆಟ್ ಕೆಟ್ಟೈತಿ ಅಂತಾರ. ನಾಳಿಂದ ಯಾರ್ ಕರೀತಾರ ನನ್ನ?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನನಗೆ ಹೋಗುವುದಿದ್ದದ್ದು ಒಂದು ಅಡ್ಡಹೆಸರು, ಅವರಿಗೆ ಹೋಗುವುದಿದ್ದದ್ದು ಹೆಸರು. ಮೂರು ಭಾನುವಾರ ಹೋಗಿ ಆ ಪೆಟ್ಟಿಗೆಯ ಮೇಲೆ ಕೂತೆ. ಮೂರನೆಯ ಸಲ ಮಾತು ಮೊಹರಮ್ಮಿನ ಕಡೆಗೆ ಹೊರಳಿತು. ಬೆಂಕಿ ಹೊತ್ತಿಸುವ ಅಲಾಯಿ ಕುಣಿಯ ಸುತ್ತ ಹಲಗಿ ಬಾರಿಸುವವರ ಜೊತೆ ಹುಸೇನಸಾಬರು ಚಿಕ್ಕಂದಿನಿಂದ ನಿಲ್ಲುತ್ತ ಬಂದವರು. ಬಾರಿಸುವ ಮೊದಲು ಹಲಗಿಯ ಚರ್ಮವನ್ನು ಬೆಂಕಿಗೆ ಹಿಡಿಯುತ್ತಾರೆ. ಕಾಯದ ಹಲಗಿ ಡಬಡಬ ಎನ್ನುತ್ತದೆ, ಕಾದದ್ದು ಎದೆಯೊಳಗೆ ಝಣ್ಣೆನ್ನುತ್ತದೆ. "ನಿಮ್ಮ ವಾಲ್ವ್ ಸುದ್ದಾ ಕಾಯ್ತಾವಲ್ರಿ ಸಾಬ್ರ, ನನಗ ಬೇಕಾಗಿದ್ದು ಆ ಝಣ್ಣ" ಎಂದೆ. ಅವರು ಎದ್ದು ಆಂಪ್ಲಿಫೈಯರಿನ ಧೂಳು ಒರೆಸಿದರು. "ಸೆಟ್ ಕೊಡ್ತೀನಿ. ಗೆರಿ ಮಾತ್ರ ದಾಟಬಾರ್ದು. ನಾನೂ ಬರ್ತೀನಿ" ಎಂದರು.

ಗ್ಯಾದರಿಂಗಿನ ದಿನ ತಾವರಗೇರಾ ದಾರಿಯ ಬಸ್ಸಿನ ಮೇಲೆ ಟಾಕೀಸಿನ ಪೆಟ್ಟಿಗೆ ಬಂತು. ಆಂಪ್ಲಿಫೈಯರ್ ಮಾತ್ರ ಹುಸೇನಸಾಬರ ತೊಡೆಯ ಮೇಲೆ, ಕೂಸಿನ ಹಾಗೆ, ಶಾಲು ಹೊದ್ದುಕೊಂಡು ಬಂತು.

ಮಧ್ಯಾಹ್ನದ ಶಾಮಿಯಾನದ ಕೆಳಗೆ ಜನ ಕಿಕ್ಕಿರಿದಿದ್ದರು. ನಾನು ವೇದಿಕೆ ಹತ್ತುವಾಗ ಕನ್ನಡ ಕಲಿಸುತ್ತಿದ್ದ ಶರಣಮ್ಮ ಮೇಡಂ ಮುಂದಿನ ಸಾಲಿನಿಂದಲೇ ಕೇಳಿದರು: "ಏನ್ರಿ ಸರ್, ಈ ಸಲ ಸೊಳ್ಳಿ ಕಡೀತೈತೋ, ಬರೀ ಹಾಡತೈತೋ?" ಪಂಡಾಲು ನಕ್ಕಿತು. ಗುಂಡಿ ಗೆರೆಯ ಮೇಲಿತ್ತು. ಬಾರಿಸಿದೆ. ಸದ್ದು ದುಂಡಗಿತ್ತು, ಬೆಚ್ಚಗಿತ್ತು, ಆದರೆ ಹೊಸಿಲಿನಲ್ಲಿ ನಿಂತು ಒಳಗೆ ಬರಲೋ ಎಂದು ಕೇಳುವ ನೆಂಟನ ಹಾಗಿತ್ತು. ಹಿಂದಿನಿಂದ ಗುಂಯ್ ಎಂದು ಒಂದು ದನಿ ಎದ್ದಿತು, ಅದಕ್ಕೆ ಇನ್ನೊಂದು ಕೂಡಿತು, ಇಡೀ ಪಂಡಾಲು ಗುಂಯ್‌ಗುಡತೊಡಗಿತು. ನಾನು ಹುಸೇನಸಾಬರ ಕಡೆ ನೋಡಿದೆ. ಅವರು ಕಣ್ಣು ಮುಚ್ಚಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು.

ಇಲ್ಲಿಂದ ಮುಂದಿನ ಕ್ಷಣವೇ ನನ್ನ ಕೈಗೆ ಸಿಗದಿರುವುದು. ಎರಡು ಹೆಜ್ಜೆ ಇಟ್ಟು ನಾನೇ ಗುಂಡಿ ತಿರುಗಿಸಿದೆ ಎಂದು ನನ್ನ ನೆನಪು ಹೇಳುತ್ತದೆ. ಆದರೆ ಗಿಟಾರು ಬಾರಿಸುವವನ ಎರಡೂ ಕೈ ಕೆಲಸದಲ್ಲಿರುತ್ತವೆ. ಬಾರಿಸುವುದನ್ನು ನಾನು ನಿಲ್ಲಿಸಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಸಾಬರ ಬೆರಳು ಹೊರಳಿದ್ದನ್ನು ಕಣ್ಣಾರೆ ಕಂಡೆ ಎನ್ನುತ್ತಾರೆ ಶರಣಮ್ಮ ಮೇಡಂ. ಅವರು ಕೂತ ಜಾಗಕ್ಕೆ ಆಂಪ್ಲಿಫೈಯರ್ ಕಾಣುತ್ತಿತ್ತೇ ಎಂಬುದು ನನ್ನ ಇನ್ನೊಂದು ಅನುಮಾನ.

ಯಾರ ಕೈಯೇ ಇರಲಿ, ಸದ್ದು ಬಂತು. ಮುಂದಿನ ಸಾಲಿನ ಕುರ್ಚಿಗಳು ನಡುಗಿದವು. ಟಾಕೀಸಿನ ಪೆಟ್ಟಿಗೆ ವರ್ಷಗಳ ಧೂಳನ್ನು ಒಮ್ಮೆಲೇ ಕೆಮ್ಮಿ ಹೊರಹಾಕಿತು. ಕೆಳಗೆ ಹೋರಿ, ನಡುವೆ ಗಂಟಲು, ಮೇಲೆ ಕಾದ ತಂತಿ. ಮೆಲ್ಲಗೆ ಸವರಿದರೆ ಗೊಣಗಿತು, ಬಡಿದರೆ ಗರ್ಜಿಸಿತು. ಒಂದು ಸ್ವರ ಹಿಡಿದು ಬಿಟ್ಟರೆ ಅದು ಸಾಯಲೊಪ್ಪದೆ ಪಂಡಾಲಿನ ಬಟ್ಟೆಯನ್ನೆಲ್ಲ ಸುತ್ತಿ ಬರುತ್ತಿತ್ತು. ಗುಂಯ್‌ಗುಡುತ್ತಿದ್ದವರ ಬಾಯಿ ತೆರೆದೇ ಇತ್ತು, ದನಿ ಮಾತ್ರ ಇರಲಿಲ್ಲ. ನಾನು ಎಲ್ಲವನ್ನೂ ಸಂಶಯಿಸುವವನು, ಆದರೂ ಹೇಳುತ್ತೇನೆ: ಆ ಕೆಲವು ನಿಮಿಷ ಕುಷ್ಟಗಿಯ ಆ ಶಾಮಿಯಾನದ ಕೆಳಗೆ ನನಗೆ ಯಾವ ಪ್ರಶ್ನೆಯೂ ಇರಲಿಲ್ಲ.

ಕಿವಿ ಮುಚ್ಚಿಕೊಂಡೇ ಪ್ರಿನ್ಸಿಪಾಲರು ವೇದಿಕೆಗೆ ಬಂದರು. ನಾನು ನಿಲ್ಲಿಸಿದೆ. "ಏನ್ ಸಾಬ್ರ, ಇದೇನ್ರಿ? ನಿಮ್ಮ ಸೆಟ್ ಕೆಟ್ಟು ಕೂತೈತಲ್ರಿ!" ಮುಂದಿದ್ದ ಮೈಕು ಆ ಮಾತನ್ನು ಇಡೀ ಪಂಡಾಲಿಗೆ ಮುಟ್ಟಿಸಿತು. ಮೂವತ್ತು ವರ್ಷ ಹುಸೇನಸಾಬರು ಯಾವ ಮಾತಿಗೆ ಹೆದರಿ ಗೆರೆ ಕಾದಿದ್ದರೋ ಅದೇ ಮಾತು ಅಷ್ಟು ಜನರ ಎದುರು ಬಂದು ನಿಂತಿತ್ತು. ಮಾಸ್ತರ ಕೆಡಿಸಿದರು ಎಂದು ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ತಲೆ ತಗ್ಗಿಸಲು ಸಿದ್ಧನಾಗಿದ್ದೆ. ಹುಸೇನಸಾಬರು ಸ್ಟೂಲಿನಿಂದ ಎದ್ದರು.

"ಕೆಟ್ಟಿಲ್ರೀ ಸರ್" ಎಂದರು. "ಕಾದೈತಿ. ಹಲಗಿ ಕಾದಂಗ. ನೀವ್ ಕುಂದರ್ರಿ. ಬಾರಸ್ರಿ ಮಾಸ್ತರ!"

ಆಮೇಲಿನ ಗದ್ದಲವನ್ನು ಬರೆಯುವುದಿಲ್ಲ. ಬರೆದರೆ ದೊಡ್ಡದಾಗುತ್ತದೆ, ನನ್ನ ಕೈ ನನಗೆ ಗೊತ್ತು. ಸೊಳ್ಳಿ ಮಾಸ್ತರ ಅಂದಿಗೆ ತೀರಿಕೊಂಡ ಎಂಬುದಷ್ಟು ಸಾಕು. ಸಾಬರ ಸೆಟ್ಟನ್ನು ಜನ ಮೊದಲಿನಂತೆಯೇ ಕರೆದರು, ಕೆಲವರು ಕರೆಯುವಾಗ, "ಆ ಕುಷ್ಟಗಿ ಸೌಂಡೂ ಬರ್ತೈತೇನ್ರಿ?" ಎಂದು ಕೇಳುವುದೂ ಇತ್ತಂತೆ.

ಇದನ್ನೆಲ್ಲ ಬರೆಯಬೇಕೆನಿಸಿದಾಗ ಗಿಟಾರು ಹೆಗಲಿಗೆ ಹಾಕಿಕೊಂಡು ಗಂಗಾವತಿಗೆ ಹೋದೆ. ಅಂಗಡಿಯ ತುಂಬ ಈಗ ಆಳೆತ್ತರದ ಡಿಜೆ ಪೆಟ್ಟಿಗೆಗಳು, ಗಲ್ಲಾಪೆಟ್ಟಿಗೆಯ ಮುಂದೆ ಅವರ ಮಗಳು. ಗಡ್ಡ ಪೂರ್ತಿ ಬೆಳ್ಳಗಾದ ಹುಸೇನಸಾಬರು ಒಳಗೆ ಕೂತಿದ್ದರು, ಅದೇ ಟಾಕೀಸಿನ ಪೆಟ್ಟಿಗೆಯ ಮೇಲೆ. ಅವತ್ತು ಗುಂಡಿ ತಿರುಗಿಸಿದ್ದು ಯಾರೆಂದು ನೇರವಾಗಿ ಕೇಳಿದೆ.

"ನೀವ ತಿರುವಿದ್ರಿ" ಎಂದರು, ಗಡ್ಡದೊಳಗೇ ನಗುತ್ತ. "ನಾ ಗೆರಿ ದಾಟಾಂವಲ್ರಿ."

ಹಾಗಾದರೆ ನನ್ನ ನೆನಪೇ ಸರಿ. ಸಂತೋಷವಾಗಬೇಕಿತ್ತು. ಆದರೆ ಆ ನಗುವನ್ನೂ ನಾನು ಎರಡು ಸಲ ಓದಿದೆ. ಅವರು ಎದ್ದು ಆಂಪ್ಲಿಫೈಯರಿನ ಶಾಲು ಸರಿಸಿ ಸ್ವಿಚ್ಚು ಹಾಕಿದರು. ವರ್ಷಕ್ಕೊಮ್ಮೆ ಮೊಹರಮ್ಮಿನ ಮೊದಲು ಅದನ್ನು ಕಾಯಿಸಿ ಇಡುವ ರೂಢಿ ಅವರು ಬಿಟ್ಟಿಲ್ಲ. ವಾಲ್ವುಗಳು ನಿಧಾನಕ್ಕೆ ಕೆಂಪಾಗುವವರೆಗೆ ಚಹಾ ಕುಡಿದೆವು. ಆಮೇಲೆ ಬಗ್ಗಿ ನೋಡಿದೆ. ಐದರ ಹತ್ತಿರ ಹಳೆಯ ಕೆಂಪು ಗೆರೆ, ಮಾಸಿತ್ತು. ಎಂಟು ದಾಟಿದ ಮೇಲೆ, ಒಂಬತ್ತಕ್ಕೆ ತುಸು ಹಿಂದೆ, ಇನ್ನೊಂದು ಗೆರೆ. ಅದೂ ಉಗುರಿನ ಬಣ್ಣವೇ, ಆದರೆ ಗುಲಾಬಿ. ಅದರ ಬಗ್ಗೆ ಅವರು ನನಗೆ ಎಂದೂ ಹೇಳಿರಲಿಲ್ಲ. ಆಗಲೂ ಬಾಗಿಲ ಕಡೆ ನೋಡುತ್ತ ಎರಡನೆಯ ಕಪ್ ಚಹಾ ಆರಿಸುತ್ತಿದ್ದರು.

ಗಿಟಾರು ಸಿಕ್ಕಿಸಿ ಒಂದು ತಂತಿ ಮೀಟಿದೆ. ಮೊದಲ ಗೆರೆಯಲ್ಲಿ ಹೊಸಿಲಿನ ನೆಂಟ. ಕಣ್ಣು ಮುಚ್ಚಿ, ಕಿವಿಯೊಂದನ್ನೇ ನಂಬಿ, ಕುಷ್ಟಗಿಯ ಆ ಸದ್ದು ಬರುವವರೆಗೆ ಗುಂಡಿಯನ್ನು ಮೆಲ್ಲಗೆ ತಿರುಗಿಸಿದೆ. ಬಂದ ಕೂಡಲೇ ಕೈ ತೆಗೆದು ಕಣ್ಣು ಬಿಟ್ಟೆ. ಮೂರು ಸಲ ಹೀಗೆ ಮಾಡಿದೆ. ಮೂರು ಸಲವೂ ಗುಂಡಿ ನಿಂತದ್ದು ಗುಲಾಬಿ ಗೆರೆಯ ಮೇಲೆ.