ಕೈ ಎಂದರೆ ಕಾಯ್

ಪಕ್ಕದ ಮನೆಯಿಂದ ಉಳುಕಿಗೆ ಹಚ್ಚಲು ಅರಿಸಿನ, ಸುಣ್ಣ ಕಲಸಿ ಬಿಸಿ ಮಾಡುವ ವಾಸನೆ ಬರುತ್ತಿದೆ. ಯಾರೋ ಆಟವಾಡಿ ಆರೋಗ್ಯ ಸುಧಾರಿಸಿಕೊಂಡು ಬಂದಿರಬೇಕು. ನಡೆದು ಹೋಗಿ, ಇಬ್ಬರ ಹೆಗಲ ಮೇಲೆ ಮರಳಿದರೆ ಮೈ ಗಟ್ಟಿಯಾಗುತ್ತದಂತೆ. ನೋಡಿ, ನಾನು ಈ ಲಾಭದಿಂದ ದೂರ ಉಳಿದವನು; ನನ್ನ ಎಲುಬುಗಳೆಲ್ಲ ಹುಟ್ಟಿದ ಜಾಗದಲ್ಲೇ ಇವೆ.

ಈ ಪುಕ್ಕಲುತನಕ್ಕೆ ಕಾರಣ ನಮ್ಮ ಬೀರಣ್ಣ ಕಾಕಾ. ನಿಜಾಮರ ಕಾಲದಲ್ಲಿ ಉಮರ್ಗಾ ಸುತ್ತಿನ ಕುರಿಗಾರರಲ್ಲಿ ಡೊಳ್ಳು ಎಂದರೆ ಅವನದೇ. ಅವನ ಬಲಗೈಯ ಕೋಲು ಬಿದ್ದರೆ ನನ್ನಂಥ ಸೋಮಾರಿಯ ಕಾಲೂ ಸುಮ್ಮನಿರುತ್ತಿರಲಿಲ್ಲ. ನೆರೆಯ ನಿಲಂಗಾದವರ ಎದುರು ಹುತುತು ಆಡಲು ಹೊರಟಾಗ ಅವನ ತಾಯಿ, ನನ್ನ ಅಜ್ಜಿ, ಬಾಗಿಲಿಗೆ ಅಡ್ಡ ನಿಂತಳು. "ಕೈ ಮುರಕೊಂಡ್ ಬಂದ್ರ ಬೀರಪ್ಪ ದೇವ್ರಿಗ ಡೊಳ್ಳ ಯಾರ್ ಬಡೀತಾರೋ?" ಆದರೆ ಊರಿನ ಮಾನ ಉಳಿಸಬೇಕಿತ್ತಲ್ಲ! ಅದು ಯಾವಾಗಲೂ ಇನ್ನೊಬ್ಬರ ಎಲುಬಿನ ಮೇಲೇ ನಿಂತಿರುತ್ತದೆ. ಕಾಕಾ ಹೋದ.

ಒಂದೇ ಉಸಿರಿನಲ್ಲಿ "ಹುತುತು" ಎನ್ನುತ್ತ ಎದುರಾಳಿಗಳತ್ತ ನುಗ್ಗಿ, ಮುಟ್ಟಿ, ಉಸಿರು ಕಡಿಯುವ ಮೊದಲು ಮರಳುವುದು ಆಟ. ಕಾಕಾ ಮುಟ್ಟಿದ. ಅವರು ಅವನನ್ನು ಕೆಡವಿ ಮೇಲೆ ಬಿದ್ದರು. ಅಡಿಯಲ್ಲಿ ಸಿಕ್ಕ ಬಲಗೈ ತಿರುಚಿಕೊಂಡಿತು. "ಕೈ, ಕೈ" ಎಂದು ಚೀರಿದ. ಮೇಲೆ ಕುಳಿತ ಅವರ ಮುಖಂಡನ ಮರಾಠಿ ಕಿವಿಗೆ ಅದು "ಕಾಯ್, ಕಾಯ್", ಅಂದರೆ "ಏನು, ಏನು" ಎಂದು ಕೇಳಿಸಿತು. ಆ ಸಭ್ಯ ಮನುಷ್ಯ "ಕಾಯ್ ನಾಯ್, ಕಾಯ್ ನಾಯ್", ಏನಿಲ್ಲ ಏನಿಲ್ಲ, ಎಂದು ಸಮಾಧಾನ ಹೇಳುತ್ತ ಇನ್ನಷ್ಟು ಗಟ್ಟಿಯಾಗಿ ಕುಳಿತ. ನಮ್ಮ ಕಡೆ ಎಲ್ಲರಿಗೂ ಎರಡೂ ಭಾಷೆ ಬರುತ್ತವೆ ಎಂದು ಜಂಬ ಕೊಚ್ಚುತ್ತೇವೆ. ಸಂತೆಯಲ್ಲಿ ಬರುತ್ತವೆ, ನಿಜ.

ಆಟ ನೋಡುತ್ತಿದ್ದ ತಹಸೀಲ್ದಾರ ಸಾಹೇಬರು ಮೆಚ್ಚಿ ಕಾಕಾನಿಗೆ ರುಮಾಲು ಇನಾಮು ಕೊಟ್ಟರು. ತಲೆಗೆ ಸುತ್ತಲು ಎರಡು ಕೈ ಬೇಕಲ್ಲ. ಮುರಿದ ಕೈಯನ್ನು ಅದರಲ್ಲೇ ಕೊರಳಿಗೆ ತೂಗುಹಾಕಿದೆವು. ನಾಟಿ ವೈದ್ಯ ಬಿದಿರಿನ ದಬ್ಬೆ ಬಿಗಿದ. ಎಲುಬು ಕೂಡಿತು, ಬೆರಳು ಮಡಚಲು ಬರಲಿಲ್ಲ. ಬೀರಪ್ಪನ ಪೂಜೆಯ ದಿನ ಕೋಲು ಹಿಡಿಸಿದರೆ ಕೆಳಗೆ ಬಿತ್ತು. ಎತ್ತಿ ಕೊಟ್ಟರೆ ಮತ್ತೆ ಬಿತ್ತು. ನನಗೆ ನೋಡಲಾಗಲಿಲ್ಲ, ಎದ್ದು ಹೋದೆ.

ಆಮೇಲೊಂದು ದಿನ ಆ ಮುಖಂಡ ತುಪ್ಪದ ಗಡಿಗೆ ಹಿಡಿದು ನೋಡಲು ಬಂದ. ಕಾಕಾನ ಎದುರು ಕುಳಿತು "ಕಾಯ್?" ಎಂದ. ಕಾಕಾ ಬಲಗೈ ಚಾಚಿದ.

"ಹೌದ್ರೀ, ಕೈ. ಅವತ್ತೂ ನಾ ಇದನ್ನೇ ಅಂದಿದ್ದೆ ನೋಡ್ರಿ."

ಅವನಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ತಿಳಿದ ಮೇಲೆ ಆ ಕೈಯನ್ನು ಎದೆಗೊತ್ತಿಕೊಂಡು ಅತ್ತುಬಿಟ್ಟ.

ಪಕ್ಕದ ಮನೆಯಲ್ಲಿ ಈಗ ಯಾರೋ ನರಳುತ್ತಿದ್ದಾರೆ. ತಮಾಷೆ ಮಾಡಲು ಕುಳಿತವನಿಗೆ ಸಂಕಟವಾಗುತ್ತಿದೆ. ಹೋಗಿ ಎಲ್ಲಿ ನೋವು ಎಂದು ಕೇಳಬೇಕು. ಹೇಳಿ ಮುಗಿಸುವವರೆಗೂ ಬಾಯಿ ಮುಚ್ಚಿಕೊಂಡಿರಬೇಕು.