ರುದೈನಾ ನೆಟ್ಟ ಗೂಟಗಳು

ಬೆಳಗಿನ ಆಜಾನ್ ಮುಗಿದು ಸ್ವಲ್ಪ ಹೊತ್ತಾಗಿದೆ. ಬೇಕರಿಯಿಂದ ಬಿಸಿ ರೊಟ್ಟಿ ಕಟ್ಟಿಸಿಕೊಂಡು ಬರುತ್ತಿರುವ ಮುದುಕರೊಬ್ಬರನ್ನು ರುದೈನಾ ದಾರಿಯಲ್ಲೇ ತಡೆದು ನಿಲ್ಲಿಸುತ್ತಾಳೆ. ಅವಳ ಹೆಗಲ ಮೇಲೆ ಹಳದಿ ಮುಕ್ಕಾಲಿ, ಕೈಯಲ್ಲಿ ಸರ್ವೆ ಯಂತ್ರದ ಪೆಟ್ಟಿಗೆ.

"ಹಜ್ಜೀ, ಈ ಮಿನಾರು ಮೊದಲಿಂದಲೂ ಇದೇ ಜಾಗದಲ್ಲಿ ಇತ್ತಾ?"

"ಇನ್ನೆಲ್ಲಿ ಇರುತ್ತಮ್ಮಾ? ಅದೇನು ಕತ್ತೇನಾ, ಮೇಯೋಕೆ ಹೋಗಿ ಬರೋಕೆ?"

"ಕೆಡವಿ ಹೊಸದಾಗಿ ಕಟ್ಟಿದ್ದು ಏನಾದ್ರೂ ನೆನಪಿದ್ಯಾ?"

"ನಮ್ಮಜ್ಜನ ಕಾಲದ್ದು ಕಣೆ. ತಗೋ, ರೊಟ್ಟಿ ತಿನ್ನು. ಹೊಟ್ಟೆ ಹಸಿದ್ರೆ ಇಂಥ ಪ್ರಶ್ನೆಗಳೆಲ್ಲ ಬರ್ತವೆ."

ರೊಟ್ಟಿ ತಿಂದಳು, ಆದರೆ ಮಾತು ನಂಬಲಿಲ್ಲ. ಮಸೀದಿಯ ಕಸ ಗುಡಿಸುವವನನ್ನು ಕೇಳಿದಳು, ಆಜಾನ್ ಕೂಗುವ ಮುಅಝಿನ್‌ರನ್ನು ಹೊರಗೆ ಕರೆಸಿ ಕೇಳಿದಳು. ಅಷ್ಟಾದ ಮೇಲೆಯೇ ಮುಕ್ಕಾಲಿಯ ಕಾಲುಗಳನ್ನು ನೆಲಕ್ಕೆ ಊರಿದ್ದು. ಅವಳಿಗೆ ತಲೆ ಸರಿ ಇಲ್ಲವೆಂದು ಆ ಊರಿನವರು ಅಂದುಕೊಂಡಿರಬೇಕು. ಅವಳ ಬಗ್ಗೆ ಬರೆಯಲೆಂದು ಜೊತೆಗೆ ಹೊರಟ ಮೊದಲ ದಿನ ನಾನೂ ಹಾಗೇ ಅಂದುಕೊಂಡಿದ್ದೆ.

ನಮ್ಮ ಅಜ್ಲೂನ್ ಬೆಟ್ಟಸೀಮೆಯಲ್ಲಿ ಹೊಲ ಅಳೆಯುವವರು ಬಂದರೆ ಊರಿಗೆ ಊರೇ ಸೇರುತ್ತದೆ. ಯಂತ್ರದ ಹಿಂದೆ ನಿಂತ ಸರ್ವೆಯರ್ ಯಾರ ಕಡೆಯ ನೆಂಟ ಎಂಬುದೂ ಎಲ್ಲರಿಗೂ ಗೊತ್ತು. ಎದುರುಗಡೆ ಮುಳ್ಳುಪೊದೆಯ ನಡುವೆ ಕೋಲನ್ನು ನೆಟ್ಟಗೆ ಹಿಡಿದು ನಿಂತವರ ಹೆಸರು ಯಾರಿಗೆ ಬೇಕು? ರುದೈನಾ ಆ ಕೋಲು ಹಿಡಿದೇ ಯೌವನ ಕಳೆದವಳು. ನನ್ನ ತಂಗಿಯ ಓರಗೆಯವಳು, ಅದಕ್ಕೇ ಇಲ್ಲಿ ಏಕವಚನ. ತಂದೆ ತೀರಿಕೊಂಡ ಮೇಲೆ ಸರ್ವೆಯರ್ ಬಹ್ಜತ್ ಅವರ ಕಚೇರಿಯಲ್ಲಿ ಫೋನ್ ಎತ್ತುವ ಕೆಲಸಕ್ಕೆ ಸೇರಿದಳು. ಕೋಲು ಹಿಡಿಯುವವನು ಗಲ್ಫಿಗೆ ಹೋದಾಗ ಕೋಲೂ ಇವಳ ಪಾಲಿಗೆ ಬಂತು. ಬರುಬರುತ್ತಾ ಯಂತ್ರದ ಕೆಲಸವೂ ಕೈಗೆ ಹತ್ತಿತು.

ಮೂವತ್ತು ದಾಟಿದ ಮೇಲೆ ಒಂದು ಹಟ ಹುಟ್ಟಿತು. ಇರ್ಬಿದ್‌ನ ವಿಶ್ವವಿದ್ಯಾಲಯದಲ್ಲಿ ಸರ್ವೆ ಓದಿ, ಲೈಸೆನ್ಸ್ ಪಡೆದು, ನಕ್ಷೆಯ ಮೇಲೆ ತನ್ನದೇ ಮೊಹರು ಒತ್ತಬೇಕು. ಓದಿದರಷ್ಟೇ ಸಾಲದು. ಲೈಸೆನ್ಸ್ ಇದ್ದವರ ಕೈಕೆಳಗೆ ವರ್ಷಗಟ್ಟಲೆ ತರಬೇತಿ ಆಗಬೇಕು, ಅವರು ಸಹಿ ಹಾಕಬೇಕು, ಆಮೇಲೆ ಪರೀಕ್ಷೆ. ಮುಂಜಾನೆ ಹೊಲ, ಆಮೇಲೆ ಬಸ್ಸು ಹತ್ತಿ ಕ್ಲಾಸು. ಅಲ್ಲಿನ ಹುಡುಗರು ಅವಳನ್ನು ಖಾಲ್ತೊ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಾರೆ.

"ಖಾಲ್ತೊ, ನಿನ್ನೆಯ ಲೆಕ್ಕ ಮೊಮ್ಮಕ್ಕಳ ಹತ್ರ ಮಾಡಿಸಿದ್ರಾ?"

"ಮೊಮ್ಮಕ್ಕಳು ನೀವೇ ಅಲ್ವೇನ್ರೋ? ಮಾಡ್ಕೊಡಿ ಮತ್ತೆ."

ಹೀಗೆ ಎಲ್ಲ ಸರಿಯಾಗಿ ನಡೆಯುತ್ತಿದ್ದಾಗ ಅವಳ ಹುಟ್ಟೂರು ರಾಸ್ ಬಲ್ಲೂತ್‌ನಲ್ಲೇ ಒಂದು ಕೆಲಸ ಬಂತು. ಅಬೂ ಸುಹೈಲ್ ಎಂಬಾತ ಮಗನ ಮದುವೆಗೆ ಮುಂಚೆ ಮನೆ ಕಟ್ಟಬೇಕೆಂದು ತನ್ನ ಜಮೀನಿನ ಗಡಿ ಗುರುತಿಸಲು ಕೇಳಿದ. ಪಕ್ಕದ್ದು ವಿಧವೆ ಉಮ್ಮ್ ಘಾಲಿಬ್ ಅವರ ಆಲಿವ್ ತೋಟ. "ನಿನ್ನೂರೇ ಅಲ್ವಾ, ನೀನೇ ಅಳೆದು ಬಾ" ಎಂದು ಬಹ್ಜತ್ ಮೊದಲ ಬಾರಿಗೆ ಅವಳೊಬ್ಬಳನ್ನೇ ಕಳಿಸಿದರು. ಆ ದಿನದ ಜಂಬವನ್ನು ನೆನೆದರೆ ರುದೈನಾ ಇವತ್ತಿಗೂ ಮುಖ ಮುಚ್ಚಿಕೊಳ್ಳುತ್ತಾಳೆ.

ಅಳೆಯುವ ಮೊದಲು ಯಂತ್ರಕ್ಕೆ ದಿಕ್ಕು ಹೇಳಿಕೊಡಬೇಕು. ಅದಕ್ಕೆ ದೂರದ, ಕದಲದ ಗುರುತು ಬೇಕು. ಹಳೆಯ ಸರ್ವೆಯವರು ನಮ್ಮ ಊರುಗಳ ಮಿನಾರುಗಳನ್ನೇ ಗುರುತು ಮಾಡಿಕೊಂಡು ಅವುಗಳ ಸ್ಥಾನ ಬರೆದಿಟ್ಟಿದ್ದಾರೆ. ರುದೈನಾ ಮಿನಾರಿನ ತುದಿಗೆ ಗುರಿಯಿಟ್ಟಳು, ಹಳೆಯ ಅಂಕಿ ತುಂಬಿದಳು. ಇನ್ನೊಂದು ಗುರುತು ನೋಡಿ ತಾಳೆ ಹಾಕುವುದು ಪದ್ಧತಿ. "ನಮ್ಮೂರು, ನಮ್ಮ ಮಿನಾರು, ಅದನ್ನೇನು ತಾಳೆ ಹಾಕೋದು ಅಂತ ಬಿಟ್ಬಿಟ್ಟೆ" ಎನ್ನುತ್ತಾಳೆ.

ಆ ಮಿನಾರು ಹಳೆಯದಲ್ಲ! ಅವಳು ಚಿಕ್ಕವಳಿದ್ದಾಗ ಬಿರುಕು ಬಿಟ್ಟ ಹಳೆಯದನ್ನು ಕೆಡವಿ, ಅಂಗಳದ ಆಚೆ ಬದಿಗೆ ಹೊಸದು ಕಟ್ಟಿದ್ದರು. ಹಳೆಯದಿದ್ದ ಜಾಗದಲ್ಲಿ ಈಗ ಕೈಕಾಲು ತೊಳೆಯುವ ನಲ್ಲಿಗಳಿವೆ. ಊರ ಕೂಸಿಗೂ ಗೊತ್ತಿರುವ ಸಂಗತಿ. ಹೊಸ ಮಿನಾರಿನ ಔತಣದಲ್ಲಿ ಇವಳೇ ಕುನಾಫಾ ಸಿಹಿ ತಿಂದು ಹೊಟ್ಟೆ ಕೆಡಿಸಿಕೊಂಡವಳು. ಆದರೂ ಆ ಗಳಿಗೆಗೆ ಹೊಳೆಯಲಿಲ್ಲ. ದಿಕ್ಕು ತಪ್ಪಿತು, ಗಡಿಗೆರೆ ಓರೆಯಾಗಿ ಉಮ್ಮ್ ಘಾಲಿಬ್ ತೋಟದೊಳಗೆ ನುಗ್ಗಿತು. ಗೂಟ ನೆಟ್ಟಾಯಿತು, ಬಹ್ಜತ್ ಮೊಹರು ಬಿತ್ತು. ಅಬೂ ಸುಹೈಲ್ ಗರಗಸ ತಂದು ತೋಟದಂಚಿನ ಒಂದಿಡೀ ಸಾಲು ಮರಗಳನ್ನು ಉರುಳಿಸಿದ.

ಮುದುಕಿ ತಕರಾರು ಮಾಡಲಿಲ್ಲ. ಆಕೆಯ ಮಗಳು ಹೊಡೆದಾಟಕ್ಕೆ ನಿಂತಾಗ ಆಕೆಯೇ ತಡೆದದ್ದು. "ಅಳೆದಿದ್ದು ನಮ್ಮ ರುದೈನಾ ಕಣೆ. ನಮ್ಮ ಹುಡುಗಿ ಸುಳ್ಳು ಅಳೀತಾಳಾ? ನಮ್ಮದಲ್ಲದ ಮರದ ಕಾಯಿ ಇಷ್ಟು ವರ್ಷ ತಿಂದ್ವಲ್ಲ, ಅಲ್ಲಾಹ್ ಕ್ಷಮಿಸ್ಲಿ" ಎಂದರಂತೆ.

ತಪ್ಪು ತಿಳಿದದ್ದು ಕ್ಲಾಸಿನಲ್ಲಿ. "ಮಿನಾರು, ಗುಮ್ಮಟ ಯಾವುದೇ ಇರಲಿ, ಕೆಡವಿ ಕಟ್ಟಿದ್ದಾರಾ ಅಂತ ಊರವರನ್ನ ಕೇಳದೆ ನಂಬಬೇಡಿ" ಎಂದು ಮೇಷ್ಟ್ರು ಪಾಠದ ನಡುವೆ ಹೇಳಿದರು. ರುದೈನಾ ಹೇಳುತ್ತಾಳೆ: "ಎಲ್ರೂ ಬರ್ಕೊಳ್ತಿದ್ರು. ನಂಗೆ ನಲ್ಲಿಗಳು ಕಣ್ಣಿಗೆ ಬಂದ್ವು. ಎದ್ದು ನೇರ ಬಹ್ಜತ್ ಅವರ ಕಚೇರಿಗೆ ಹೋದೆ."

ಬಹ್ಜತ್ ಕೇಳಿ ಬಾಗಿಲು ಹಾಕಿದರು. "ಮರ ಹೋಯ್ತು, ಮುದುಕಿ ಸುಮ್ಮನಿದ್ದಾಳೆ. ನೀನ್ಯಾಕೆ ಮೈಮೇಲೆ ಎಳ್ಕೊಳ್ತೀಯಾ? ಬಾಯಿ ಬಿಟ್ರೆ ನಿನ್ನ ತರಬೇತಿಗೆ ನನ್ನ ಸಹಿ ಇಲ್ಲ" ಎಂದರು. ಅವರ ಮೊಹರಿಗೂ ಮಸಿ ಬಳಿಯುವ ಮಾತಲ್ಲವೇ? ರುದೈನಾ ಒಂದು ವಾರ ಬಾಯಿ ಬಿಡಲಿಲ್ಲ. ಆ ವಾರದ ಬಗ್ಗೆ ಕೇಳಿದರೆ ಅವಳ ಕತ್ತು ಕೆಂಪಾಗುತ್ತದೆ. "ಸಹಿ ಹೋಗುತ್ತಲ್ಲ ಅಂತ ಲೆಕ್ಕ ಹಾಕ್ತಾ ಕೂತಿದ್ದೆ. ಮರ ಕಡಿಸಿದ್ದಕ್ಕಿಂತ ಅದು ಹೆಚ್ಚು ನಾಚಿಕೆ."

ಕೊನೆಗೆ ಹೋದಳು. ಉಮ್ಮ್ ಘಾಲಿಬ್ ಕಾಫಿ ಕೊಟ್ಟರು. ರುದೈನಾ ಬಟ್ಟಲನ್ನು ತುಟಿಗೆ ತಾಗಿಸದೆ ಮುಂದಿಟ್ಟಳು. ನಮ್ಮಲ್ಲಿ ಹಾಗಿಟ್ಟರೆ ಏನೋ ಬೇಡಲು ಬಂದಿದ್ದಾರೆ ಎಂದರ್ಥ. ಮನೆಯವರು ಒಪ್ಪುವ ತನಕ ಕುಡಿಯುವಂತಿಲ್ಲ.

"ಅದೇನು ಬೇಕೋ ಕೇಳು ಯಮ್ಮಾ, ಕೊಟ್ಟೆ ಅಂತಲೇ ತಿಳ್ಕೋ."

ಅವಳು ಎಲ್ಲವನ್ನೂ ಹೇಳಿದಳು. ಕ್ಷಮಿಸಿ ಎಂದು ಕೇಳಲು ಮುಖವಿರಲಿಲ್ಲ. ಶುಕ್ರವಾರ ಊರವರ ಮುಂದೆ ತಪ್ಪೊಪ್ಪಿಕೊಳ್ಳುತ್ತೇನೆ, ತಡೆಯಬೇಡಿ, ಅಷ್ಟೇ ಬೇಡಿಕೆ ಎಂದಳು.

ಮುದುಕಿ ಸಿಡುಕಿದರು. "ಬುದ್ಧಿ ಎಲ್ಲಿಟ್ಟಿದ್ದೀಯೇ? ಹೇಳ್ಕೊಂಡ್ರೆ ನಿನಗೆ ಮುಂದೆ ಯಾರು ಕೆಲಸ ಕೊಡ್ತಾರೆ? ಮರ ನಂದು, ನಾನೇ ಸುಮ್ಮನಿದ್ದೀನಿ, ನಿನಗೇನು ರೋಗ?"

"ಕೊಟ್ಟೆ ಅಂದ್ರಲ್ಲ ಖಾಲ್ತೊ."

"ಅಂದೆ. ನನ್ನ ನಾಲಿಗೆಗೆ ಬೆಂಕಿ ಹಾಕ. ಕುಡಿ, ಆರಿಹೋಯ್ತು."

ಶುಕ್ರವಾರ ನಮಾಝ್ ಮುಗಿದು ಗಂಡಸರು ಹೊರಬರುವಾಗ ರುದೈನಾ ಅಂಗಳದಲ್ಲಿ ನಿಂತು, ತಲೆ ತಗ್ಗಿಸಿಕೊಂಡೇ, ನಡೆದದ್ದನ್ನು ಹೇಳಿದಳು. ಕೆಲವರು ನಕ್ಕರು. ಅಬೂ ಸುಹೈಲ್ ಬಾಯಿಗೆ ಬಂದಂತೆ ಬೈದ. ಗಡಿ ಮತ್ತೆ ಅಳೆಯಲಾಯಿತು, ಅವನ ಅರ್ಧ ಎದ್ದ ಗೋಡೆ ಕೆಡವಬೇಕಾಯಿತು. ಬಹ್ಜತ್ ಕಚೇರಿಯ ಬಾಗಿಲು ಅವಳ ಪಾಲಿಗೆ ಮುಚ್ಚಿತು. ಅಲ್ಲಿ ಕಳೆದ ತರಬೇತಿಯೆಲ್ಲ ನೀರಿನಲ್ಲಿ ಹೋಮವಾಯಿತು. ಈಗ ಬೇರೆ ಪಟ್ಟಣದ ಸರ್ವೆಯರ್ ಒಬ್ಬರ ಬಳಿ ಮೊದಲಿನಿಂದ ಶುರು ಮಾಡಿದ್ದಾಳೆ. ಓದು ಮಾತ್ರ ಮುಗಿಯುತ್ತಾ ಬಂದಿದೆ.

ಲೈಸೆನ್ಸ್ ಬಂದ ಮೇಲೆ ಏನಾಸೆ ಎಂದು ಕೇಳಿದೆ. ಇಂಥ ಲೇಖನಕ್ಕೆ ಹೊರಟವರೆಲ್ಲ ಕೇಳುವ ಪ್ರಶ್ನೆ. ಅವಳು ಯಂತ್ರದ ಪೆಟ್ಟಿಗೆಗೆ ಚಿಲಕ ಹಾಕಿದಳು.

"ಉಮ್ಮ್ ಘಾಲಿಬ್ ಮನೆಗೆ ಬಂದವರಿಗೆಲ್ಲ ಹೇಳ್ತಾರಂತೆ, ನಮ್ಮ ಹುಡುಗಿ ತಾನೇ ತಪ್ಪು ಕಂಡುಹಿಡಿದಳು ಅಂತ. ತಪ್ಪು ಮಾಡಿದ್ದು ಯಾರು ಅಂತ ಒಂದ್ಸಲನೂ ಹೇಳಲ್ಲ. 'ನನ್ನ ಮದುವೇಲಿ ನನ್ನ ಗಂಡ ನೆಟ್ಟ ಮರಗಳು ಅವು, ಕಡಿಸಿದವಳು ನೀನು' ಅಂತ ಅವರು ಒಂದೇ ಒಂದ್ಸಲ ನನ್ನ ಮುಖಕ್ಕೆ ಉಗಿದುಬಿಡ್ಲಿ. ಆಮೇಲೆ ಬೇಕಾದ್ರೆ ಲೈಸೆನ್ಸ್ ಬರ್ಲಿ."