ಮದುಮಗಳನ್ನು ಹೊರಬೇಕಿದ್ದ ಫಿಯೆಟ್

ಅಲೆಕ್ಸಾಂಡ್ರಿಯಾದ ಅನ್ಫೂಶಿಯಲ್ಲಿ ಬಯೂಮಿ ಓಡಿಸುತ್ತಿದ್ದ ಕಪ್ಪು ಫಿಯೆಟ್ ಟ್ಯಾಕ್ಸಿಗಿದ್ದ ಮರ್ಯಾದೆ ಬಂದರಿನ ಯುದ್ಧನೌಕೆಗೂ ಇರಲಿಲ್ಲ. ಅದರ ಹಾರನ್ನು ಕೇಳಿ ಸೈಪ್ರಸ್ಸಿನ ಮೀನುಗಾರರು ದಾರಿ ಬಿಡುತ್ತಿದ್ದರಂತೆ. ಬಯೂಮಿಯೇ ಹೇಳಿದ್ದು, ಸುಳ್ಳಾಗುವುದುಂಟೇ? ಬೀದಿಯ ಅರ್ಧ ಹೆಂಗಸರು ಆ ಟ್ಯಾಕ್ಸಿಯಲ್ಲೇ ಮದುಮಗಳಾಗಿ ಹೋದವರು, ಇನ್ನರ್ಧ ಅದರಲ್ಲೇ ಹುಟ್ಟಿದವರು. ಬಯೂಮಿಯ ಮಂಡಿ ಕೈಕೊಟ್ಟ ಮೇಲೆ ಕಾರು ವರ್ಷಗಟ್ಟಲೆ ಶೆಡ್ಡಿನಲ್ಲಿ ಮುಸುಕು ಹೊದ್ದು ಮಲಗಿತ್ತು.

ಈಗ ಮೊಮ್ಮಗಳು ರಬಾಬಳ ಮದುವೆ. "ನನ್ನ ಕೂಸು ನನ್ನ ಕಾರಲ್ಲೇ ಹೋಗೋದು" ಎಂದು ಬಯೂಮಿ ಬೀಗರ ಮುಂದೆ ಮೀಸೆ ತಿರುವಿದ್ದ. ಮದುವೆಯ ದಿನ ಹೊಸ ಬ್ಯಾಟರಿ ಹಾಕಿ ಕೀ ತಿರುಗಿಸಿದರೆ ಎಂಜಿನ್ನು ಗರಗರ ಎಂದಿತೇ ಹೊರತು ಹತ್ತಿಕೊಳ್ಳಲಿಲ್ಲ.

ಬೀಗ ದಸೂಕಿ ಬಾಗಿಲಲ್ಲಿ ನಿಂತು, ಹಳೇ ಡ್ರೈವರುಗಳನ್ನು ಊರಿನವರು ಕರೆಯುವಂತೆ 'ಉಸ್ತಾ' ಎಂದೇ ಕರೆದು ನಕ್ಕ. "ಮುತ್ತಜ್ಜನ್ನ ಯಾಕೆ ಎಬ್ಬಿಸ್ತೀರಿ ಉಸ್ತಾ? ಬಾಡಿಗೆ ಕಾರು ಹೇಳ್ಬಿಡ್ಲಾ?"

"ನಿಮ್ಮ ಮಗನಿಗೆ ಕ್ಷೌರ ಮಾಡಿಸ್ಕೊಂಡು ಬನ್ನಿ. ಅಷ್ಟರಲ್ಲಿ ಇದು ಕುಣೀತಿರುತ್ತೆ!"

ಕಿಡಿ ಹಾರುತ್ತದೆಯೇ ನೋಡಲು ಬಯೂಮಿ ಸ್ಪಾರ್ಕ್ ಪ್ಲಗ್ ಬಿಚ್ಚಿ, ತಂತಿ ಸಿಕ್ಕಿಸಿ, ಎಂಜಿನ್ನಿನ ಮೈಗೆ ತಾಗಿಸಿ ಹಿಡಿದ. ರಬಾಬ್ ಮದರಂಗಿ ಕೈಯಲ್ಲೇ ಕೀ ತಿರುಗಿಸಿದಳು. ಕಿಡಿಯಿಲ್ಲ. ಪ್ಲಗ್ಗುಗಳನ್ನು ಉಜ್ಜಿದರೂ ಇಲ್ಲ. ಕಾಯಿಲ್ ತಂತಿ ಬದಲಿಸಿದರೂ ಇಲ್ಲ. ಉಳಿದದ್ದು ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಂದೇ. ಅದರ ಮುಚ್ಚಳ ತೆಗೆದರೆ ಮೂಲೆಯಲ್ಲಿ ಪುಟ್ಟ ಬಟ್ಟೆಯ ಗಂಟು! ಒಳಗಿನ ಉಪ್ಪು ಸಮುದ್ರದ ಗಾಳಿಗೆ ನೀರೊಡೆದು, ವಿದ್ಯುತ್ತು ಹಾಯುವ ಪಾಯಿಂಟುಗಳು ಪಾಚಿಯಂತೆ ಹಸಿರುಗಟ್ಟಿದ್ದವು.

"ಲೇ ನಗಾತ್!"

ಹೆಂಡತಿ ಒಂಚೂರೂ ಅಳುಕಲಿಲ್ಲ. "ಹೌದು, ನಾನೇ ಇಟ್ಟೆ. ನೀವು ಊರೆಲ್ಲ ಇದನ್ನ ಹೊಗಳ್ಕೊಂಡು ಬರ್ತಿದ್ರಿ, ದೃಷ್ಟಿ ತಾಗ್ದೆ ಇರುತ್ತಾ? ಕಾರಿನ ಜೀವ ಇಲ್ಲೇ ಇರೋದು ಅಂತ ತೋರ್ಸಿದ್ದೂ ನೀವೇ."

"ದೃಷ್ಟಿಗಿಂತ ಮುಂಚೆ ನಿನ್ನ ಉಪ್ಪೇ ತಾಗಿದೆ ಮಾರಾಯ್ತಿ!"

ಗಂಟು ಕಿತ್ತೆಸೆದು, ಮುಚ್ಚಳವನ್ನು ನಗಾತಳ ತಲೆವಸ್ತ್ರದ ಅಂಚಿನಲ್ಲೇ ಒರೆಸಿ ಒಣಗಿಸಿದ್ದಾಯಿತು. ಪಾಯಿಂಟುಗಳನ್ನು ಮರಳು ಕಾಗದದಲ್ಲಿ ತಿಕ್ಕಿ, ಅವುಗಳ ನಡುವಿನ ಸಂದನ್ನು ಬಯೂಮಿ ರಬಾಬಳ ಲಗ್ನಪತ್ರಿಕೆಯ ಅಂಚು ತೂರಿಸಿ ಅಳೆದ. ಎಲ್ಲ ಮತ್ತೆ ಜೋಡಿಸಿದ ಮೇಲೆ ಕೀ ತಿರುಗಿತು. ಫಿಯೆಟ್ ಒಮ್ಮೆ ಕೆಮ್ಮಿ, ಎರಡು ಸಲ ಸೀನಿ, ಆಮೇಲೆ ಗರ್ಜಿಸಿದ ಗರ್ಜನೆಗೆ ಬಂದರಿನ ಕಡಲಕ್ಕಿಗಳೆಲ್ಲ ಗ್ರೀಸಿಗೆ ವಲಸೆ ಹೋದವು.

ಬೀದಿಯ ಹೆಂಗಸರು ನಾಲಗೆ ಹೊರಳಿಸಿ ಮದುವೆಯ ಉಲುಲು ಕೂಗು ಹಾಕಿದರು. ದಸೂಕಿಯೇ ಬಂದು ಮದುಮಗಳಿಗೆ ಬಾಗಿಲು ತೆರೆದ. "ಒಪ್ಪಿದೆ ಉಸ್ತಾ, ರಾಜನ ಕಾರು!"

ಬಯೂಮಿಯ ಎದೆ ಸ್ಟಿಯರಿಂಗಿಗೆ ತಾಗುವಷ್ಟು ಉಬ್ಬಿತು. ಅಷ್ಟರಲ್ಲಿ ನಗಾತ್ ಮೆರವಣಿಗೆಯ ಮೇಲೆ ಎರಚಲು ಉಪ್ಪಿನ ತಟ್ಟೆ ಎತ್ತಿದಳು.

"ಎರಚು, ಎಷ್ಟು ಬೇಕಾದ್ರೂ ಎರಚು. ಇವತ್ತು ಇಡೀ ಊರಿನ ಕಣ್ಣು ನಮ್ಮ ಮೇಲೆ," ಎಂದು ಬಯೂಮಿ ಕಿಟಕಿಯಿಂದ ಕೂಗಿದ. "ಬಾನೆಟ್ಟೊಂದು ಬಿಟ್ಟು!"